‘ಸಾರಿ’ ಅಂದರೆ ಯಾವ ಸಾರಿ?

 

ಇವತ್ತು ಒಂದು ಇಂಗ್ಲಿಷ್ ಪದ ತಗೊಳ್ಳೋಣ: ‘ಸಾರಿ’. ಮೆಟ್ರೋದಲ್ಲಿ ಕಾಲು ತುಳಿದರೆ ಸಾರಿ. ಫೋನಿನಲ್ಲಿ ಮಾತು ಕೇಳಿಸದಿದ್ದರೆ ‘ಸಾರಿ?’ ಬಾಡಿಗೆಗೆ ಮನೆ ಕೊಡಲ್ಲ ಅನ್ನೋದಕ್ಕೂ ಸಾರಿ. ಸಾವಿನ ಮನೆಯಲ್ಲೂ ಸಾರಿ. ತಪ್ಪು ಮಾಡಿದಾಗಲೂ ಅದೇ ಸಾರಿ. ಪದ ಒಂದೇ, ಅರ್ಥ ಐದು. ಇದರ ಬೇರು ಹಳೆಯ ಇಂಗ್ಲಿಷಿನಲ್ಲಿ ‘ನೋವು’ ಅನ್ನುವ ಪದ. ಅಂದರೆ ಹೇಳುವವನಿಗೆ ಮೊದಲು ನೋಯಬೇಕು. ನಮಗೆ ನೋಯುತ್ತಾ ಪ್ರಿಯರೇ?

1 ಸಮುವೇಲ 15ನೇ ಅಧ್ಯಾಯ ತೆಗೆಯಿರಿ. ಪಾಪ ಮಾಡಿದ್ದೇನೆ ಅಂತ ಸೌಲನು ಎರಡು ಸಾರಿ ಹೇಳುತ್ತಾನೆ. 24ನೇ ವಚನದಲ್ಲಿ ಜನರಿಗೆ ಹೆದರಿ ಹಾಗೆ ಮಾಡಿದೆ ಅನ್ನುತ್ತಾನೆ. 30ನೇ ವಚನದಲ್ಲಿ ಹಿರಿಯರ ಮುಂದೆ ತನ್ನ ಮರ್ಯಾದೆ ಉಳಿಸು ಅಂತ ಸಮುವೇಲನನ್ನು ಕೇಳಿಕೊಳ್ಳುತ್ತಾನೆ. ಬಾಯಲ್ಲಿ ಅರಿಕೆ, ಮನಸ್ಸೆಲ್ಲಾ ಮರ್ಯಾದೆ ಮೇಲೆ.

ಈಗ ಲೂಕ 19. ಜಕ್ಕಾಯನ ಬಾಯಲ್ಲಿ ‘ಕ್ಷಮಿಸು’ ಅನ್ನೋ ಮಾತೇ ಇಲ್ಲ! ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್ಸು ಅಂತಾನೆ. ಯಾರಿಂದ ಕಿತ್ತುಕೊಂಡಿದ್ದನೋ ಅವರಿಗೇ ವಾಪಸ್ಸು. 2 ಕೊರಿಂಥ 7:10ರಲ್ಲಿ ಪೌಲನು ಎರಡು ದುಃಖಗಳ ಬಗ್ಗೆ ಬರೆಯುತ್ತಾನೆ. ದೇವರ ಚಿತ್ತದ ಪ್ರಕಾರ ಬರುವ ದುಃಖ ಮಾನಸಾಂತರಕ್ಕೆ ನಡೆಸುತ್ತದೆ. ಲೋಕದ ದುಃಖ ಮರಣಕ್ಕೆ.

ಆಮೆನ್ ಈಗಲೇ ಹೇಳಬೇಡಿ. ನನ್ನ ವಿಷಯಕ್ಕೆ ಬರುತ್ತೇನೆ.

ಹೋದ ತಿಂಗಳು ಯೂತ್ ಮೀಟಿಂಗ್‌ಗೆ ಒಬ್ಬ ತಮ್ಮ ಲೇಟಾಗಿ ಬಂದ. ನಿಮ್ಮೆಲ್ಲರ ಎದುರಿಗೆ, ‘ದೇವರಿಗಿಂತ ನಿದ್ರೆ ದೊಡ್ಡದಾಯ್ತಾ?’ ಅಂದೆ. ನೀವು ನಕ್ಕಿರಿ. ಅವನು ನೈಟ್ ಶಿಫ್ಟ್ ಮುಗಿಸಿ ರೂಮಿಗೂ ಹೋಗದೆ ನೇರವಾಗಿ ಬಂದಿದ್ದ ಅಂತ ಆಮೇಲೆ ಗೊತ್ತಾಯ್ತು. ರಾತ್ರಿ ವಾಟ್ಸಾಪ್‌ನಲ್ಲಿ ‘ಸಾರಿ ಬ್ರದರ್’ ಅಂತ ಕಳಿಸಿದೆ. ಅವನು ಹೆಬ್ಬೆರಳಿನ ಗುರುತು ಹಾಕಿದ. ಮುಗೀತು ಅಂದುಕೊಂಡೆ. ಮೂರು ಭಾನುವಾರ ಅವನು ಬರಲಿಲ್ಲ.

ಈ ಸಂದೇಶ ಸಿದ್ಧಮಾಡುವಾಗ ಪವಿತ್ರಾತ್ಮನು ನನ್ನನ್ನು ಬಿಡಲಿಲ್ಲ. ಗಾಯ ಮಾಡಿದ್ದು ಎಲ್ಲರ ಮುಂದೆ, ಸಾರಿ ಹೇಳಿದ್ದು ಕದ್ದುಮುಚ್ಚಿ. ನನ್ನದೂ ಸೌಲನ ಸಾರಿ. ನನ್ನ ಮರ್ಯಾದೆ ಉಳಿಯಬೇಕಿತ್ತು.

ಗುರುವಾರ ಅವನ ಪಿಜಿಗೆ ಹೋದೆ. ‘ಪಾಸ್ಟರ್, ನೀವು ಬೈದದ್ದಕ್ಕಲ್ಲ, ಎಲ್ಲರೂ ನಕ್ಕರಲ್ಲಾ, ಅದಕ್ಕೆ ಬರೋಕೆ ಆಗ್ತಿಲ್ಲ’ ಅಂದ. ಸಭೆಯ ಮುಂದೆ ಹೇಳಲಾ ಅಂತ ಕೇಳಿದೆ. ಹೆಸರು ಬೇಡ, ಹೇಳಿ ಅಂದ. ಅದಕ್ಕೇ, ಅದೇ ಜನರ ಮುಂದೆ ಹೇಳುತ್ತಿದ್ದೇನೆ: ತಪ್ಪು ನನ್ನದು. ಅವನು ಸೋಮಾರಿಯಲ್ಲ. ಅವತ್ತು ನಮ್ಮೆಲ್ಲರಿಗಿಂತ ಹೆಚ್ಚು ಬೆಲೆ ಕೊಟ್ಟು ಆರಾಧನೆಗೆ ಬಂದವನು ಅವನೇ.

ಇವತ್ತೂ ಅವನು ಬಂದಿಲ್ಲ. ಬರಲೇಬೇಕು ಅಂತ ಕೇಳುವ ಹಕ್ಕು ನನಗಿಲ್ಲ. ಎಷ್ಟು ಸಾರಿ ಕ್ಷಮಿಸಬೇಕು ಅಂತ ಮತ್ತಾಯ 18ರಲ್ಲಿ ಪೇತ್ರನು ಕೇಳುತ್ತಾನೆ. ನೋಡಿ, ಅದು ನಮ್ಮ ಕನ್ನಡದ ಸಾರಿ! ಯೇಸು ಕೊಟ್ಟ ಆ ಲೆಕ್ಕ ನೊಂದವನಿಗೆ. ನೋಯಿಸಿದವನು ಅದನ್ನು ಹಿಡಿದುಕೊಂಡು ವಸೂಲಿಗೆ ಹೋಗಬಾರದು. ನೋಯಿಸಿದವನಿಗೆ ಜಕ್ಕಾಯನ ದಾರಿ.

ಈ ವಾರ ನಿಮ್ಮ ಫೋನಿನಲ್ಲಿ ಹಳೇ ‘ಸಾರಿ’ಗಳನ್ನು ಹುಡುಕಿರಿ. ಯಾವುದಕ್ಕೆ ಕಾಲು ಬೇಕು, ಯಾವುದಕ್ಕೆ ಹಣ ಬೇಕು, ಯಾವುದಕ್ಕೆ ಸಾಕ್ಷಿಗಳು ಬೇಕು ಅಂತ ಕರ್ತನನ್ನು ಕೇಳಿರಿ. ಅಪ್ಪ ಅಮ್ಮನಿಗೆ ಕಳಿಸಿದ ಸಾರಿಯಿಂದಲೇ ಶುರುಮಾಡಿ.

ತಲೆಬಾಗಿ ಪ್ರಾರ್ಥಿಸೋಣ. ತಂದೆಯೇ, ನಮ್ಮ ಬಾಯಿಂದ ಸುಲಭವಾಗಿ ಬರುವ ಮಾತು ನಮ್ಮ ಹೃದಯವನ್ನೂ ಮುಟ್ಟಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.