ಗಾಯ ಮಾಯ್ದರೂ ಜಡ್ಡು ಮಾಯುವುದಿಲ್ಲ

ತಮ್ಮಾ, ಕೊಟ್ಟೂರು ತೇರು ಮುಗಿಯಿತು, ಇನ್ನು ನೀನು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೊರಡುತ್ತೀ. ಕೂಡ್ಲಿಗಿ, ಹರಪನಹಳ್ಳಿ ಕಡೆಯವರಿಗೆ ಗುಳೆ ಹೊಸದಲ್ಲ, ನಿಮ್ಮಪ್ಪನೂ ಹೋಗಿದ್ದ. ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟ್ಟಿಕೊಡಲು ನಿನ್ನವ್ವ ಇದ್ದಾಳೆ. ಅವಳು ಹೇಳಲಾರದ ಒಂದು ಮಾತನ್ನು ನಾನು ಹೇಳುತ್ತೇನೆ. ಆರೋಗ್ಯ ಇಲಾಖೆಯ ಕೆಲಸದಲ್ಲಿ ಮೂವತ್ತು ವರ್ಷ ಈ ಸೀಮೆಯ ಹಳ್ಳಿ ಸುತ್ತಿದವನು ನಾನು, ನನಗೆ ನಾಚಿಕೆ ಇಲ್ಲ. ನೀನೂ ನಾಚಬೇಡ.

ಮೂತ್ರ ಉರಿದರೆ, ಕೀವು ಕಂಡರೆ ನಮ್ಮ ಹುಡುಗರು ಹೇಳುವುದು ಒಂದೇ: "ಉಷ್ಣ ಆಗೈತಿ." ಮಜ್ಜಿಗೆ ಕುಡಿಯುತ್ತಾರೆ, ಎಳನೀರು ಕುಡಿಯುತ್ತಾರೆ, ಮೆಡಿಕಲ್ ಶಾಪಿನಲ್ಲಿ ಪಿಸುಮಾತಿನಲ್ಲಿ ಎರಡು ಗುಳಿಗೆ ಕೇಳುತ್ತಾರೆ. ಉರಿ ಎಲ್ಲವೂ ಕೆಟ್ಟ ಜಡ್ಡಲ್ಲ, ನಿಜ. ಆದರೆ ಗೊನೋರಿಯಾ, ಕ್ಲಮೈಡಿಯಾದಂಥವು ಇದ್ದರೆ ಮಜ್ಜಿಗೆಗೆ ಹೋಗುವುದಿಲ್ಲ. ಅರೆಬರೆ ಗುಳಿಗೆ ನುಂಗಿದರೆ ಆ ಕ್ರಿಮಿ ಔಷಧಿಗೆ ಬಗ್ಗದಷ್ಟು ಗಟ್ಟಿಯಾಗುತ್ತದೆ. ಹೆಣ್ಣುಮಕ್ಕಳಲ್ಲಿ ಎಷ್ಟೋ ಸಲ ಯಾವ ಲಕ್ಷಣವೂ ಕಾಣುವುದಿಲ್ಲ. ವರ್ಷಗಳ ನಂತರ ಕಿಬ್ಬೊಟ್ಟೆ ನೋವು, ಮಕ್ಕಳಾಗದಿರುವುದು, ಗರ್ಭ ನಾಳದಲ್ಲೇ ನಿಲ್ಲುವುದು, ಹೀಗೆ ಹೊರಗೆ ಬರುತ್ತದೆ. ಆಗ ಬೈಗುಳ ಬೀಳುವುದು ಆ ಹೆಣ್ಣಿಗೆ.

ಸಿಫಿಲಿಸ್ ಇನ್ನೂ ಮೋಸದ್ದು. ಸೋಂಕಾದ ಸುಮಾರು ಮೂರು ವಾರಕ್ಕೆ ನೋವಿಲ್ಲದ ಒಂದು ಹುಣ್ಣು ಏಳುತ್ತದೆ, ಕೆಲವು ವಾರಗಳಲ್ಲಿ ತಾನೇ ಮಾಯುತ್ತದೆ. ಗಾಯ ಮಾಯ್ದರೂ ಜಡ್ಡು ಮಾಯುವುದಿಲ್ಲ, ರಕ್ತದಲ್ಲಿ ಕೂತಿರುತ್ತದೆ. ಹಡಗಲಿ ಕಡೆಯ ಒಬ್ಬ ಹುಡುಗ ಹೀಗೇ ಮರೆತುಬಿಟ್ಟಿದ್ದ. ಅವನ ಹೆಂಡತಿಗೆ ಎರಡು ಸಲ ಗರ್ಭ ನಿಲ್ಲಲಿಲ್ಲ. ಮನೆಯವರು ದೇವರ ಕಾಟವೆಂದು ಮೈಲಾರಕ್ಕೂ ಹರಕೆ ಹೊತ್ತರು. ಮೂರನೇ ಸಲ ರಕ್ತ ಪರೀಕ್ಷೆ ಆದಾಗ ಇಬ್ಬರಿಗೂ ಸಿಫಿಲಿಸ್ ಇದ್ದದ್ದು ಗೊತ್ತಾಯಿತು. ಪೆನಿಸಿಲಿನ್ ಇಂಜೆಕ್ಷನ್ ಇಬ್ಬರಿಗೂ ಕೊಟ್ಟರು. ಆ ಮಗು ಗಟ್ಟಿಯಾಗಿ ಹುಟ್ಟಿತು. ಬಸುರಿ ಹೆಂಗಸಿಗೆ ಮೊದಲ ತಪಾಸಣೆಯಲ್ಲೇ ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಬೇಕೆನ್ನುವುದು ಇದಕ್ಕೇ. ನಿನ್ನ ಹೆಂಡತಿಯ "ತಾಯಿ ಕಾರ್ಡ್"ನಲ್ಲಿ ಅದು ಬರೆದಿದೆಯೇ ನೋಡು.

ಈ ಸೀಮೆಯಲ್ಲಿ ಇನ್ನೊಂದು ತಪ್ಪು ಬಹಳ ಕಾಲ ನಡೆಯಿತು. ಉಚ್ಚಂಗಿದುರ್ಗದಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ತಾಯಂದಿರಿಂದಲೇ ಜಡ್ಡು ಬಂತೆಂದು ಊರು ಬೆರಳು ತೋರಿಸಿತು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾನೂನು 1982ರಲ್ಲೇ ಬಂತು. ಆದರೂ ಆ ಹೆಣ್ಣುಮಕ್ಕಳನ್ನು ಎಳವೆಯಲ್ಲೇ ದೇವರಿಗೆ ಬಿಟ್ಟವರು ಯಾರು, ಅವರ ಬಳಿ ಹೋದ ಗಂಡಸರು ಯಾರು ಎಂದು ಊರು ಕೇಳಲಿಲ್ಲ. ಸೋಂಕು ಜಾತಿ, ಕಸುಬು ನೋಡುವುದಿಲ್ಲ. ರಕ್ಷಣೆ ಇಲ್ಲದ ಸಂಗವಿದ್ದಲ್ಲಿ ದಾಟುತ್ತದೆ. ಒಂದೇ ಪಂಕ್ತಿಯಲ್ಲಿ ಉಂಡರೆ, ಒಂದೇ ಲೋಟದಲ್ಲಿ ನೀರು ಕುಡಿದರೆ ಎಚ್‌ಐವಿ ಬರುವುದಿಲ್ಲ.

ದೂರದ ಊರಿನಲ್ಲಿ ಒಂಟಿತನ ಬಾಧಿಸುತ್ತದೆ. ಹೆಂಡತಿಗೆ ನಂಬಿಗಸ್ತನಾಗಿರು ಎಂದೇ ನಾನು ಹೇಳುವುದು. ಆದರೆ ಮನುಷ್ಯ ತಪ್ಪುತ್ತಾನೆ, ತಪ್ಪಿದ ಮೇಲೆ ನಿರೋಧ್ ಬಿಟ್ಟು ಇನ್ನೊಂದು ತಪ್ಪು ಮಾಡಬಾರದು. ಅದು 1968ರಿಂದ ನಮ್ಮ ದೇಶದಲ್ಲಿದೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಟ್ಟಿ ಸಿಗುತ್ತದೆ. ತಾರೀಖು ನೋಡು, ಪರ್ಸಿನಲ್ಲಿಟ್ಟು ಬಿಸಿ ಮಾಡಬೇಡ, ಕೊಬ್ಬರಿ ಎಣ್ಣೆ ಹಚ್ಚಬೇಡ, ಹರಿಯುತ್ತದೆ. ಹರಿದುಹೋಗಿ ಎಚ್‌ಐವಿಯ ಭಯ ಬಂದರೆ 72 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಓಡು. ತಡೆಯುವ ಗುಳಿಗೆ ಇದೆ, ಆದರೆ ತಡವಾದರೆ ಕೆಲಸ ಮಾಡುವುದಿಲ್ಲ.

ಬಸ್‌ಸ್ಟ್ಯಾಂಡ್ ಗೋಡೆಯ ಮೇಲೆ "ಗುಪ್ತರೋಗ, ಒಂದೇ ವಾರದಲ್ಲಿ ಗುಣ" ಎಂಬ ಚೀಟಿ ಅಂಟಿಸಿದವರ ಹತ್ತಿರ ಹೋಗಬೇಡ. ಅವರು ಹೆದರಿಸಿ ಹಣ ಎಳೆಯುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ "ಸುರಕ್ಷಾ ಕ್ಲಿನಿಕ್" ಎಂಬ ಹೆಸರಿನ ಕೋಣೆ ಇರುವುದೇ ಇದಕ್ಕೆ. ಎಚ್‌ಐವಿ ಪರೀಕ್ಷೆಗೆ ಐಸಿಟಿಸಿ ಕೇಂದ್ರವಿದೆ. ನಿನ್ನ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಹೊರಗೆ ಬಿಡುವಂತಿಲ್ಲ, 2017ರ ಕಾಯ್ದೆ ಹಾಗೆ ಹೇಳುತ್ತದೆ. ಪಾಸಿಟಿವ್ ಬಂದರೂ ಎದೆಗುಂದಬೇಡ. ದಿನಕ್ಕೊಂದು ಗುಳಿಗೆ ತಪ್ಪದೆ ತಿಂದು, ವೈರಸ್ ರಕ್ತದಲ್ಲಿ ಕಾಣದಷ್ಟು ಕಡಿಮೆಯಾದವರಿಂದ ಸಂಗಾತಿಗೆ ಸಂಗದ ಮೂಲಕ ದಾಟುವುದಿಲ್ಲ.

ಒಬ್ಬನೇ ಔಷಧಿ ತಗೊಂಡು ಸುಮ್ಮನಾದವರನ್ನು ಬಹಳ ನೋಡಿದ್ದೇನೆ. ಹೆಂಡತಿಗೆ ಹೇಳಲಿಲ್ಲ, ಅವಳಿಂದಲೇ ತಿರುಗಿ ಹತ್ತಿತು, ಮತ್ತೆ ಆಸ್ಪತ್ರೆ. ಹೇಳುವುದು ಕಷ್ಟ, ಗೊತ್ತು. ಡಾಕ್ಟರ ಎದುರು ಕೂತು ಹೇಳಿದರೆ ಸ್ವಲ್ಪ ಹಗುರ. ಏನಾದರೂ ಅನುಮಾನ ಬಂದ ದಿನವೇ ಹೋಗು, ಅವಳನ್ನೂ ಕರೆದುಕೊಂಡು ಹೋಗು, ಇಬ್ಬರ ಔಷಧಿ ಮುಗಿದು ಡಾಕ್ಟರು ಹೇಳುವವರೆಗೆ ದೂರವಿರಿ. ಈಗಲೇ 1097 ಎಂಬ ಸಂಖ್ಯೆಯನ್ನು ಫೋನಿನಲ್ಲಿ ಇಟ್ಟುಕೋ. ಏಡ್ಸ್ ಸಹಾಯವಾಣಿ ಅದು, ಕರೆಗೆ ದುಡ್ಡಿಲ್ಲ, ಹೆಸರು ಹೇಳದೆಯೂ ಮಾತಾಡಬಹುದು.