ಗಣಕದ ಅವಧಾನ

ನಮ್ಮ ನಾಡಿನಲ್ಲಿ ಅವಧಾನವೆಂಬ ಅಪೂರ್ವವಾದ ವಿದ್ಯೆಯೊಂದುಂಟು. ವೇದಿಕೆಯ ನಡುವೆ ಕುಳಿತ ಅವಧಾನಿಯನ್ನು ಎಂಟು ಮಂದಿ ಪೃಚ್ಛಕರು ಸುತ್ತುವರಿದಿರುತ್ತಾರೆ. ಒಬ್ಬರು ಪದ್ಯದ ಕೊನೆಯ ಸಾಲನ್ನು ಮಾತ್ರ ಕೊಟ್ಟು ಉಳಿದುದನ್ನು ಪೂರೈಸಬೇಕೆನ್ನುತ್ತಾರೆ. ಮತ್ತೊಬ್ಬರು ಹೆಜ್ಜೆಹೆಜ್ಜೆಗೂ ಇಂಥ ಅಕ್ಷರ ಕೂಡದೆಂದು ನಿಷೇಧಿಸುತ್ತಾರೆ. ನಡುನಡುವೆ ಗಂಟೆ ಬಾರಿಸುವವರೊಬ್ಬರು, ಸಂಬಂಧವಿಲ್ಲದ ಪ್ರಶ್ನೆ ಕೇಳಿ ಚಿತ್ತವನ್ನು ಕದಡುವವರು ಇನ್ನೊಬ್ಬರು. ಅವಧಾನಿಯು ಪ್ರತಿಯೊಂದು ಸುತ್ತಿನಲ್ಲಿಯೂ ಪ್ರತಿಯೊಬ್ಬರಿಗೂ ಒಂದೊಂದು ಪಾದವನ್ನು ಹೇಳಿ, ಅರೆಬರೆಯಾಗಿ ನಿಂತ ಪದ್ಯಗಳೆಲ್ಲವನ್ನೂ ಮನಸ್ಸಿನಲ್ಲಿಯೇ ಹಿಡಿದಿಟ್ಟುಕೊಂಡು ಮುಂದೆ ಸಾಗುತ್ತಾನೆ. ಅವನ ಮುಂದೆ ಕಾಗದವಿಲ್ಲ, ಲೇಖನಿಯಿಲ್ಲ. ಸಾವಿರ ಗ್ರಂಥಗಳನ್ನು ಓದಿ ಅರಗಿಸಿಕೊಂಡ ಪಂಡಿತನಾದರೂ ಈ ಪೀಠದಲ್ಲಿ ಕುಳಿತರೆ ತಡವರಿಸಬಹುದು. ಪಾಂಡಿತ್ಯವೇ ಬೇರೆ, ಧಾರಣೆಯೇ ಬೇರೆ.

ನಮ್ಮ ಮನೆಗಳಲ್ಲಿರುವ ಗಣಕಯಂತ್ರಕ್ಕೂ ಈ ಎರಡು ಶಕ್ತಿಗಳು ಬೇರೆಬೇರೆಯಾಗಿಯೇ ಇವೆ. ಅದರ ಪಾಂಡಿತ್ಯವೆಲ್ಲ ಹಾರ್ಡ್ ಡಿಸ್ಕ್ ಎಂಬ ಭಂಡಾರದಲ್ಲಿರುತ್ತದೆ. ಯಂತ್ರವನ್ನು ನಿಲ್ಲಿಸಿದರೂ ಅಲ್ಲಿರುವುದು ಅಳಿಯದು. ಈ ಕ್ಷಣದಲ್ಲಿ ನಡೆಯುತ್ತಿರುವ ಕೆಲಸಕ್ಕೆ ಬೇಕಾದುದನ್ನು ಹಿಡಿದಿಟ್ಟುಕೊಳ್ಳುವ ಅಂಗವು ಬೇರೊಂದು. ಅದಕ್ಕೆ ಸ್ಮೃತಿ ಎಂದೂ, ಅಂಗಡಿಯ ಮಾತಿನಲ್ಲಿ ರ‍್ಯಾಮ್ ಎಂದೂ ಹೆಸರು. ಮನೆಯ ಗಣಕವು ಮಂದವಾದಾಗ ಜನರು ‘ಮೆಮೊರಿ ಸಾಲದು’ ಎನ್ನುವುದನ್ನು ನೀವು ಕೇಳಿರಬಹುದು. ಹಾಗೆನ್ನುವವರಲ್ಲಿ ಅನೇಕರಿಗೆ ತಾವು ಹೇಳುತ್ತಿರುವುದು ಭಂಡಾರವನ್ನೋ ಧಾರಣೆಯನ್ನೋ ಎಂಬುದು ತಿಳಿದಿರುವುದಿಲ್ಲ.

ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ಹಗೇವು ಇರುತ್ತಿತ್ತು. ನೆಲವನ್ನು ಆಳವಾಗಿ ತೋಡಿ, ಒಳಗೆಲ್ಲ ಹುಲ್ಲು ಹಾಸಿ, ಜೋಳವನ್ನು ತುಂಬಿ, ಬಾಯಿಯನ್ನು ಮಣ್ಣಿನಿಂದ ಮುಚ್ಚುತ್ತಿದ್ದರು. ವರುಷಗಟ್ಟಲೆ ಧಾನ್ಯ ಕೆಡದೆ ಉಳಿಯುತ್ತಿತ್ತು. ಆದರೆ ರೊಟ್ಟಿ ಬಡಿಯಲು ಕುಳಿತ ಗೃಹಿಣಿಗೆ ಹಿಟ್ಟು, ನೀರು, ಉಪ್ಪುಗಳು ಕೈಯಳತೆಯಲ್ಲಿಯೇ ಇರಬೇಕು. ಒಂದೊಂದು ರೊಟ್ಟಿಗೂ ಹಗೇವಿನ ಬಾಯಿ ತೆರೆಯಬೇಕಾಗಿ ಬಂದರೆ ಆ ಮನೆಯವರು ಉಂಡಂತೆಯೇ! ಸ್ಮೃತಿ ಸಾಲದೆ ಹೋದಾಗ ಗಣಕವು ಮಾಡುವುದು ಇದನ್ನೇ. ಕೈಯಳತೆಯ ಜಾಗ ತುಂಬಿದ ಕೂಡಲೆ ಒಂದನ್ನು ಭಂಡಾರಕ್ಕೆ ಸಾಗಿಸಿ, ಮತ್ತೊಂದನ್ನು ಅಲ್ಲಿಂದ ತಂದು, ಮರುಗಳಿಗೆಯಲ್ಲಿ ಮೊದಲನೆಯದನ್ನೇ ಮತ್ತೆ ಹುಡುಕಿಕೊಂಡು ಹೋಗುತ್ತದೆ. ತಿರುಗುವ ಹಾರ್ಡ್ ಡಿಸ್ಕಿನಿಂದ ಒಂದು ಸಂಗತಿಯನ್ನು ಹುಡುಕಿ ತರುವುದಕ್ಕೆ, ಸ್ಮೃತಿಯಿಂದ ತರುವುದಕ್ಕಿಂತ ಸುಮಾರು ಒಂದು ಲಕ್ಷ ಪಟ್ಟು ಹೆಚ್ಚು ಸಮಯ ಬೇಕು. ಪಕ್ಕದ ಉಪ್ಪನ್ನು ಒಂದು ಸೆಕೆಂಡಿನಲ್ಲಿ ತೆಗೆದುಕೊಳ್ಳುವವಳಿಗೆ ಹಗೇವಿನಿಂದ ತರಲು ಒಂದು ದಿನಕ್ಕಿಂತಲೂ ಹೆಚ್ಚು ಹಿಡಿದಂತಾಯಿತು.

ಈ ವಿಷಯವನ್ನು ನಾನು ಪುಸ್ತಕದಲ್ಲಿ ಓದಿ ತಿಳಿದಿದ್ದೆನಾದರೂ, ಮನದಟ್ಟಾದುದು 2022ರ ಬೇಸಿಗೆಯಲ್ಲಿ, ಧಾರವಾಡದ ಸಪ್ತಾಪುರದಲ್ಲಿರುವ ನಮ್ಮ ಓಣಿಯ ಒಂದು ಮನೆಯಲ್ಲಿ. ಆ ಮನೆಯ ಹೆಣ್ಣುಮಗಳು ಸಂಶೋಧನ ವಿದ್ಯಾರ್ಥಿಗಳ ಮಹಾಪ್ರಬಂಧಗಳನ್ನು ಬೆರಳಚ್ಚು ಮಾಡಿಕೊಟ್ಟು ಸಂಸಾರ ನಡೆಸುತ್ತಿದ್ದಳು. ಕರ್ನಾಟಕ ವಿಶ್ವವಿದ್ಯಾಲಯವಿರುವ ಊರಿನಲ್ಲಿ ಈ ಕೆಲಸಕ್ಕೆ ಬರವಿಲ್ಲ. ಮನೆಯ ಬಾಡಿಗೆ, ಇಬ್ಬರು ಮಕ್ಕಳ ಶಾಲೆಯ ಖರ್ಚು ಎಲ್ಲವೂ ಒಂಬತ್ತು ವರ್ಷ ಹಳೆಯದಾದ ಒಂದೇ ಗಣಕದ ಮೇಲೆ ನಿಂತಿದ್ದವು. ಶಾಸನಗಳನ್ನು ಕುರಿತ ನಾಲ್ಕುನೂರು ಪುಟಗಳ ಪ್ರಬಂಧವೊಂದನ್ನು ಹದಿನೈದು ದಿನಗಳಲ್ಲಿ ಮುಗಿಸಿಕೊಡಲು ಒಪ್ಪಿಕೊಂಡಿದ್ದಳು. ಯಂತ್ರವು ಒಂದು ಪುಟದಿಂದ ಮತ್ತೊಂದು ಪುಟಕ್ಕೆ ಸರಿಯಲು ಮೂರು ನಿಮಿಷ ತೆಗೆದುಕೊಳ್ಳುತ್ತಿತ್ತು.

“ಎಲ್ಲಾರೂ ಹೊಸಾದ್ ತೊಗೊಳ್ರಿ ಅಂತಾರ್ರಿ ಸರ. ಅಷ್ಟು ರೊಕ್ಕ ಈಗ ಎಲ್ಲಿಂದ ತರೂದ್ರಿ?” ಎಂದಳು.

ನಾನು ನಿವೃತ್ತನಾದ ವಿಜ್ಞಾನದ ಮೇಷ್ಟರು. ಯಂತ್ರ ದುರಸ್ತಿ ಮಾಡುವವನಲ್ಲ. ಆದರೂ “ಮೊದಲ ಅಳತಿ ಮಾಡಿ ನೋಡೂಣು ತಂಗಿ” ಎಂದೆ. ಜ್ವರವಿದೆಯೆಂದು ಊಹಿಸಿ ಔಷಧ ಕೊಡುವುದಕ್ಕಿಂತ ಥರ್ಮಾಮೀಟರ್ ಇಟ್ಟು ನೋಡುವುದು ಲೇಸಲ್ಲವೆ? ವಿಂಡೋಸ್ ಇರುವ ಗಣಕದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಸ್ಮೃತಿ ಒಟ್ಟು ಎಷ್ಟಿದೆ, ಎಷ್ಟು ಬಳಕೆಯಾಗುತ್ತಿದೆ, ಪಟ್ಟಿಗಳನ್ನು ಕೂಡಿಸುವ ಸ್ಲಾಟುಗಳಲ್ಲಿ ಎಷ್ಟು ತುಂಬಿವೆ ಎಂಬುದೆಲ್ಲ ಕಾಣಿಸುವುದು. ಆ ಯಂತ್ರದಲ್ಲಿದ್ದ ಸ್ಮೃತಿ 4 ಜಿಬಿ. ಪ್ರಬಂಧವನ್ನು ತೆರೆದಾಗ ಬಳಕೆ 3.7ಕ್ಕೆ ಏರಿ ಅಲ್ಲಿಂದ ಇಳಿಯಲಿಲ್ಲ. ಎರಡು ಸ್ಲಾಟುಗಳಲ್ಲಿ ಒಂದು ಬರಿದಾಗಿತ್ತು. ರೋಗವೂ ತಿಳಿಯಿತು, ಮದ್ದಿಗೆ ಜಾಗವೂ ಇತ್ತು.

ನಾಲ್ಕುನೂರು ಪುಟಗಳ ಬರಹ ಅಷ್ಟೊಂದು ಜಾಗವನ್ನು ನುಂಗೀತೆ ಎಂದು ನೀವು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಇಂದು ಬಳಕೆಯಲ್ಲಿರುವ ಯೂನಿಕೋಡ್ ಪದ್ಧತಿಯಲ್ಲಿ, ಯುಟಿಎಫ್-8 ಎಂಬ ಕ್ರಮವನ್ನು ಅನುಸರಿಸಿ ಬರೆದಿಟ್ಟಾಗ, ಕನ್ನಡದ ಪ್ರತಿಯೊಂದು ಸಂಕೇತಕ್ಕೆ ಮೂರು ಬೈಟುಗಳು ಬೇಕು. ಗುಣಿತದ ಚಿಹ್ನೆಯೂ ಅರ್ಧಾಕ್ಷರದ ಚಿಹ್ನೆಯೂ ಒಂದೊಂದು ಸಂಕೇತವೇ. ಹೀಗಾಗಿ ‘ಧಾರವಾಡ’ ಎಂಬುದರಲ್ಲಿ ಆರು ಸಂಕೇತಗಳು, 18 ಬೈಟುಗಳು. ಒತ್ತಕ್ಷರಗಳ ಭಾರದಿಂದ ‘ಹುಬ್ಬಳ್ಳಿ’ಗೆ ಒಂಬತ್ತು ಸಂಕೇತಗಳು, 27 ಬೈಟುಗಳು. ಊರಿನ ಗಾತ್ರದಲ್ಲಿ ಮಾತ್ರವಲ್ಲ, ಗಣಕದಲ್ಲಿಯೂ ಹುಬ್ಬಳ್ಳಿಯೇ ದೊಡ್ಡದು! ಪುಟವೊಂದಕ್ಕೆ 2,000 ಸಂಕೇತಗಳೆಂದು ಹಿಡಿದರೆ ನಾಲ್ಕುನೂರು ಪುಟಗಳಿಗೆ 24 ಲಕ್ಷ ಬೈಟುಗಳಾದವು. ಇದು ಸ್ಮೃತಿಗೆ ಸಾಸಿವೆಯಷ್ಟು.

ಭಾರವಿದ್ದುದು ಶಾಸನಗಳ ಚಿತ್ರಗಳಲ್ಲಿ. ಅಡ್ಡಲಾಗಿ 5,000, ಉದ್ದಕ್ಕೆ 4,000 ಬಿಂದುಗಳಿರುವ ಒಂದು ವರ್ಣಚಿತ್ರದಲ್ಲಿ ಎರಡು ಕೋಟಿ ಬಿಂದುಗಳಾಗುತ್ತವೆ. ಪ್ರತಿ ಬಿಂದುವಿಗೆ ಮೂರು ಬೈಟುಗಳಂತೆ ಆರು ಕೋಟಿ ಬೈಟುಗಳು. ಭಂಡಾರದಲ್ಲಿ ಅದನ್ನು ಮಡಚಿ ಅದುಮಿ ಇಟ್ಟಿರುವುದರಿಂದ ಚಿಕ್ಕದಾಗಿ ಕಾಣುತ್ತದೆ. ಪರದೆಯ ಮೇಲೆ ತೋರಿಸಬೇಕಾದಾಗ ಸೀರೆಯ ಮಡಿಕೆ ಬಿಚ್ಚಿದಂತೆ ಪೂರ್ತಿಯಾಗಿ ಹರಡಬೇಕು. ಒಂದೇ ಒಂದು ಚಿತ್ರವು ಇಡೀ ಪ್ರಬಂಧದ ಅಕ್ಷರಗಳ ಇಪ್ಪತ್ತೈದು ಪಟ್ಟು ಜಾಗವನ್ನು ಹಿಡಿಯಿತು. ಅಂಥ ಇಪ್ಪತ್ತು ಚಿತ್ರಗಳು ಒಟ್ಟಿಗೆ ತೆರೆದುಕೊಂಡರೆ 120 ಕೋಟಿ ಬೈಟುಗಳು, ಎಂದರೆ ಒಂದು ಜಿಬಿಗಿಂತಲೂ ಹೆಚ್ಚು.

ಈ ಲೆಕ್ಕವನ್ನು ಹಾಕುವಾಗ ಹಿಂದಿನ ಯಂತ್ರಗಳ ನೆನಪಾಗದಿರದು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ನಮ್ಮವರೇ ರಚಿಸಿದ ಗಣಕಕ್ಕೆ 1962ರಲ್ಲಿ ಟಿಫ್ರ್ಯಾಕ್ ಎಂದು ನಾಮಕರಣವಾಯಿತು. ಅದರ ಸ್ಮೃತಿಯಲ್ಲಿ ತಲಾ 40 ಬಿಟ್ಟುಗಳ 2,048 ಪದಗಳಿಗೆ ಮಾತ್ರ ಸ್ಥಳವಿತ್ತು. ಬಿಟ್ಟಿಗೊಂದರಂತೆ ಫೆರೈಟಿನ ಪುಟ್ಟ ಉಂಗುರ. ಉಂಗುರಗಳೊಳಗೆ ತಂತಿಗಳನ್ನು ಮಣಿಮಾಲೆಯಂತೆ ಪೋಣಿಸಿದ ಜಾಲ. ಒಟ್ಟು ಲೆಕ್ಕ ಹತ್ತು ಸಾವಿರ ಬೈಟುಗಳಿಗೆ ಸ್ವಲ್ಪ ಮೇಲು. ಮೇಲಿನ ಪ್ರಬಂಧದ ಎರಡು ಪುಟಗಳೂ ಅದರಲ್ಲಿ ಹಿಡಿಸುತ್ತಿರಲಿಲ್ಲ. ಆದರೂ ವಿಜ್ಞಾನಿಗಳು ಅದರಿಂದ ಕೆಲಸ ತೆಗೆದರು.

ಉಂಗುರಗಳ ಜಾಗಕ್ಕೆ ಚಿಪ್ಪುಗಳು ಬರಲು ಕಾರಣರಾದವರಲ್ಲಿ ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಪ್ರಮುಖರು. 1966ರಲ್ಲಿ ಅವರಿಗೆ ಹೊಳೆದ ಉಪಾಯ ಸರಳವಾಗಿತ್ತು. ಒಂದು ಬಿಟ್ಟಿಗೆ ಒಂದು ಟ್ರಾನ್ಸಿಸ್ಟರ್, ಜೊತೆಗೆ ವಿದ್ಯುದಾವೇಶವನ್ನು ಹಿಡಿದಿಡುವ ಒಂದು ಕೆಪಾಸಿಟರ್. ಆವೇಶವಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಆದರೆ ಈ ಕೊಡ ಸೋರುವ ಕೊಡ! ತುಂಬಿದ ಕ್ಷಣದಿಂದಲೇ ಬರಿದಾಗತೊಡಗುತ್ತದೆ. ಅದಕ್ಕಾಗಿ ಸಾಮಾನ್ಯವಾಗಿ 64 ಮಿಲಿಸೆಕೆಂಡುಗಳೊಳಗೆ ಒಮ್ಮೆ, ಎಂದರೆ ಸೆಕೆಂಡಿಗೆ ಹದಿನೈದು ಬಾರಿಗಿಂತ ಹೆಚ್ಚಾಗಿ, ಪ್ರತಿಯೊಂದು ಕೊಡವನ್ನೂ ಓದಿ ಮತ್ತೆ ತುಂಬಬೇಕಾಗುತ್ತದೆ. 8 ಜಿಬಿ ಸ್ಮೃತಿಯಲ್ಲಿ ಇಂಥ ಕೊಡಗಳು ಸುಮಾರು 6,870 ಕೋಟಿ. ವಿದ್ಯುತ್ತು ನಿಂತೊಡನೆ ತುಂಬುವವರಿಲ್ಲದೆ ಎಲ್ಲವೂ ಬರಿದಾಗುತ್ತವೆ. ಬರೆದುದನ್ನು ಆಗಾಗ ಭಂಡಾರಕ್ಕೆ ಸೇರಿಸುತ್ತಿರಬೇಕೆಂದು ಗುರುಗಳು ಹೇಳುವುದು ಇದಕ್ಕಾಗಿಯೇ.

ಮನೆಯ ಗಣಕಕ್ಕೆ ಸ್ಮೃತಿಯನ್ನು ಕೂಡಿಸುವ ಆಸೆಯೂ ಹೊಸತಲ್ಲ. 1981ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಸಿಂಕ್ಲೇರ್ ಝಡ್‌ಎಕ್ಸ್81 ಎಂಬ ಯಂತ್ರದಲ್ಲಿದ್ದುದು ಒಂದೇ ಕಿಲೋಬೈಟ್. ಅದರ ಬೆನ್ನಿಗೆ 16 ಕಿಲೋಬೈಟಿನ ಪೆಟ್ಟಿಗೆಯೊಂದನ್ನು ಸಿಕ್ಕಿಸಬಹುದಾಗಿತ್ತು. ಕೀಲಿಯನ್ನು ಸ್ವಲ್ಪ ಜೋರಾಗಿ ಒತ್ತಿದರೆ ಪೆಟ್ಟಿಗೆ ಅಲುಗಾಡಿ, ಗಂಟೆಗಟ್ಟಲೆ ಬರೆದ ಬರಹ ಮಾಯವಾಗುತ್ತಿತ್ತಂತೆ. ನಮ್ಮ ದೇಶದ ಶಾಲೆಗಳಿಗೆ 1984ರಲ್ಲಿ ಆರಂಭವಾದ ‘ಕ್ಲಾಸ್’ ಯೋಜನೆಯ ಮೂಲಕ ಬಂದ ಬಿಬಿಸಿ ಮೈಕ್ರೋ ಯಂತ್ರಗಳ ‘ಬಿ’ ಮಾದರಿಯಲ್ಲಿ 32 ಕಿಲೋಬೈಟುಗಳಿದ್ದವು.

ಸಪ್ತಾಪುರದ ಮನೆಗೆ ಮರಳೋಣ. ಮರುದಿನ ನಾನು ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿ, 4 ಜಿಬಿಯ ಪಟ್ಟಿಯೊಂದನ್ನು ಕೊಂಡುತಂದೆ. ಯಂತ್ರವನ್ನು ನಿಲ್ಲಿಸಿ, ತಂತಿಯನ್ನು ಗೋಡೆಯಿಂದ ಕಿತ್ತು, ಪೆಟ್ಟಿಗೆಯ ಪಕ್ಕದ ಹಲಗೆಯನ್ನು ತೆಗೆದಾಗ ಒಳಗೆ ಒಂಬತ್ತು ವರ್ಷಗಳ ಧೂಳು. ಹುಬ್ಬಳ್ಳಿ-ಧಾರವಾಡದ ಧೂಳಿನ ಕೀರ್ತಿಯನ್ನು ನಾನು ವರ್ಣಿಸಬೇಕಾಗಿಲ್ಲ. ಮೆತ್ತನೆಯ ಕುಂಚದಿಂದ ಒರೆಸಿ ಪಟ್ಟಿಯನ್ನು ಸ್ಲಾಟಿನ ಮೇಲೆ ಹಿಡಿದರೆ ಅದು ಕೂಡಲೊಲ್ಲದು! ಉದ್ದವೇನೋ ಸರಿಯಾಗಿತ್ತು. ಆದರೆ ಪಟ್ಟಿಯ ಅಂಚಿನ ಕಚ್ಚು ಒಂದು ಕಡೆ, ಸ್ಲಾಟಿನ ಉಬ್ಬು ಇನ್ನೊಂದು ಕಡೆ. ನಾನು ತಂದುದು ಡಿಡಿಆರ್4. ಆ ಯಂತ್ರಕ್ಕೆ ಬೇಕಾಗಿದ್ದುದು ಡಿಡಿಆರ್3. ಮೊದಲನೆಯದರಲ್ಲಿ 288 ಸಂಪರ್ಕಬಿಂದುಗಳು, 1.2 ವೋಲ್ಟಿನ ವಿದ್ಯುತ್ತು. ಎರಡನೆಯದರಲ್ಲಿ 240 ಬಿಂದುಗಳು, 1.5 ವೋಲ್ಟು. ತಪ್ಪಿ ಜೋಡಿಸಿ ಅನಾಹುತವಾಗದಿರಲೆಂದೇ ಕಚ್ಚಿನ ಸ್ಥಾನವನ್ನು ಬದಲಿಸಿದ್ದಾರೆ. ಬಲವಂತ ಮಾಡಿದ್ದರೆ ಮದರ್‌ಬೋರ್ಡೇ ಮುರಿಯುತ್ತಿತ್ತು. ಹಳೆಯ ಪಟ್ಟಿಯ ಮೇಲಿನ ಚೀಟಿಯನ್ನು ಓದದೆ ಹೋದದ್ದು ನನ್ನದೇ ತಪ್ಪು. ನಲವತ್ತು ವರ್ಷ ಮಕ್ಕಳಿಗೆ ‘ಪ್ರಶ್ನೆಯನ್ನು ಪೂರ್ತಿ ಓದಿರಿ’ ಎಂದು ಹೇಳಿದವನು ನಾನು.

ಹದಿನೈದು ದಿನಗಳಲ್ಲಿ ನಾಲ್ಕು ಕಳೆದಿದ್ದವು. ಮತ್ತೆ ಹುಬ್ಬಳ್ಳಿ. ಈ ಸಲ ಹಳೆಯ ಪಟ್ಟಿಯನ್ನೇ ಕಾಗದದಲ್ಲಿ ಸುತ್ತಿ ಜೊತೆಗೆ ಒಯ್ದು, ಅದೇ ತಲೆಮಾರಿನ, ಅದೇ ವೇಗದ ಜೋಡಿಯನ್ನು ತಂದೆ. ಒಂದೇ ಅಳತೆಯ ಎರಡು ಪಟ್ಟಿಗಳಿದ್ದರೆ ಅನೇಕ ಯಂತ್ರಗಳು ಎರಡರೊಡನೆಯೂ ಏಕಕಾಲದಲ್ಲಿ ವ್ಯವಹರಿಸಬಲ್ಲವು. ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡೆ. ಒಣಹವೆಯಲ್ಲಿ ನಮ್ಮ ಅರಿವಿಗೆ ಬಾರದಷ್ಟು ಸಣ್ಣ ಕಿಡಿಯೂ ಚಿಪ್ಪನ್ನು ಸುಡಬಲ್ಲದು. ಎರಡೂ ಪಟ್ಟಿಗಳನ್ನು ಅಂಚಿನಲ್ಲಿ ಹಿಡಿದು ಒತ್ತಿದೆ. ಕೊಕ್ಕೆಗಳು ‘ಟಕ್’ ಎಂದು ಕೂತುಕೊಂಡವು. ಗುಂಡಿಯನ್ನು ಒತ್ತಿದರೆ ಪರದೆ ಕಪ್ಪಾಗಿಯೇ ಉಳಿಯಿತು. ಯಂತ್ರ ‘ಬೀಪ್, ಬೀಪ್’ ಎಂದು ಕೂಗತೊಡಗಿತು. ಆ ಹೆಣ್ಣುಮಗಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಅವಳ ಹಿರಿಯ ಮಗ, ಎಂಟನೆಯ ಇಯತ್ತೆಯ ಹುಡುಗ, ತನ್ನ ಕಂಪಾಸು ಪೆಟ್ಟಿಗೆಯಿಂದ ಪೆನ್ಸಿಲು ಅಳಿಸುವ ರಬ್ಬರನ್ನು ತಂದುಕೊಟ್ಟು, “ಅಜ್ಜಾರ, ಹಳೇದನ್ನ ತಗದು ತಿಕ್ರಿ. ನಮ್ಮ ಸಾಲ್ಯಾಗ ಹಂಗ ಮಾಡ್ತಾರ” ಎಂದ. ಹಳೆಯ ಪಟ್ಟಿಯ ಸಂಪರ್ಕಬಿಂದುಗಳ ಮೇಲೆ ಮಬ್ಬು ಕವಿದಿತ್ತು. ಮೆಲ್ಲಗೆ ತಿಕ್ಕಿ, ರಬ್ಬರಿನ ಚೂರುಗಳನ್ನು ಊದಿ, ಮತ್ತೆ ಕೂಡಿಸಿದೆವು. ಯಂತ್ರ ಒಂದೇ ಬಾರಿ ಕೂಗಿ, ಕಣ್ಣು ತೆರೆಯಿತು. ಒಟ್ಟು ಸ್ಮೃತಿ 8 ಜಿಬಿ. ಪ್ರಬಂಧವೂ ಚಿತ್ರಗಳೂ ತೆರೆದಿದ್ದಾಗ ಬಳಕೆ ಸುಮಾರು 5.5. ಪುಟಗಳು ಕೈಯಿಂದ ತಿರುವಿದಂತೆ ಸರಿದವು.

ಇದನ್ನು ಕೇಳಿದ ನನ್ನ ತಂಗಿಯ ಮಗ, ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವವನು, ತನ್ನ ಗಣಕಕ್ಕೂ ಸ್ಮೃತಿ ಹಾಕಿಸಿಕೊಡಿರೆಂದು ಗಂಟುಬಿದ್ದ. ಅಳೆದು ನೋಡಿದರೆ ಅವನಲ್ಲಿದ್ದ 16 ಜಿಬಿಯಲ್ಲಿ ಆರೂ ಬಳಕೆಯಾಗುತ್ತಿರಲಿಲ್ಲ. ಮಂದಗತಿಗೆ ಕಾರಣ ಮುಪ್ಪಾದ ಹಾರ್ಡ್ ಡಿಸ್ಕು. ಹುಬ್ಬಳ್ಳಿಯ ನಿಲ್ದಾಣದಲ್ಲಿ 2023ರಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಉದ್ಘಾಟನೆಯಾಯಿತಷ್ಟೆ. ಗಾಡಿಗಳ ಸಂಚಾರ ಇರುವುದರಿಂದ ಅದಕ್ಕೆ ಅರ್ಥವುಂಟು. ಗಾಡಿಯೇ ಬಾರದ ಊರಿನಲ್ಲಿ ಅಷ್ಟುದ್ದ ಕಟ್ಟಿ ಮಾಡುವುದೇನು? ಅವನಿಗೆ ಡಿಸ್ಕನ್ನು ಬದಲಿಸಲು ಹೇಳಿದೆ. ಸ್ವಲ್ಪ ಮುನಿಸಿಕೊಂಡೇ ಬದಲಿಸಿದ. ಇನ್ನೊಂದು ಮಾತು: ಯಂತ್ರದಲ್ಲಿರುವುದು 32 ಬಿಟ್ಟುಗಳ ವ್ಯವಸ್ಥೆಯಾದರೆ ಅದು ಎಣಿಸಬಲ್ಲ ವಿಳಾಸಗಳು ಸುಮಾರು 429 ಕೋಟಿ, ಸಾಮಾನ್ಯವಾಗಿ 4 ಜಿಬಿಗಿಂತ ಹೆಚ್ಚು ಸ್ಮೃತಿಯನ್ನು ಕೂಡಿಸಿದರೂ ಮನೆಗಣಕವು ಅದನ್ನು ಗುರುತಿಸದು. ಮಡಿಲಿನಲ್ಲಿಟ್ಟುಕೊಳ್ಳುವ ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ ಸ್ಮೃತಿಯನ್ನು ಬೆಸೆದೇ ಬಿಟ್ಟಿರುತ್ತಾರೆ. ಅವುಗಳಿಗೆ ಸೇರಿಸುವ ದಾರಿಯೇ ಇಲ್ಲ. ಕೊಳ್ಳುವ ಮುನ್ನವೇ ಕೇಳಿ ತಿಳಿದುಕೊಳ್ಳಬೇಕು.

ಜಗತ್ತಿನ ಸ್ಮೃತಿಚಿಪ್ಪುಗಳಲ್ಲಿ ಬಹುಪಾಲು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರು ಸಂಸ್ಥೆಗಳಲ್ಲಿ ತಯಾರಾಗುತ್ತವೆ. ಕೃತಕ ಬುದ್ಧಿಮತ್ತೆಯ ಬೃಹತ್ ಗಣಕಕೇಂದ್ರಗಳ ಬೇಡಿಕೆ ಹೆಚ್ಚಿದುದರಿಂದ 2025ರ ಕೊನೆಯ ತಿಂಗಳುಗಳಲ್ಲಿ ಮನೆಬಳಕೆಯ ಪಟ್ಟಿಗಳ ಬೆಲೆಯೂ ತೀವ್ರವಾಗಿ ಏರಿತು. 2022ರಲ್ಲಿ ನಾವು ಕೊಟ್ಟ ಹಣ ಹೊಸ ಯಂತ್ರದ ಬೆಲೆಯಲ್ಲಿ ಹತ್ತನೆಯ ಒಂದು ಪಾಲೂ ಆಗಿರಲಿಲ್ಲ.

ಪ್ರಬಂಧವು ಹದಿನಾಲ್ಕನೆಯ ದಿನ ಮುದ್ರಣವಾಗಿ ಹೊರಬಂದಿತು. ನಾನು ತಪ್ಪಿ ತಂದ ಡಿಡಿಆರ್4 ಪಟ್ಟಿ ಎರಡು ವರ್ಷ ನನ್ನ ಮೇಜಿನ ಖಾನೆಯಲ್ಲಿಯೇ ಬಿದ್ದಿತ್ತು. ಆ ಹೆಣ್ಣುಮಗಳು 2024ರಲ್ಲಿ ಎರಡನೆಯ ಗಣಕವೊಂದನ್ನು ಕೊಂಡು, ಒಬ್ಬ ಹುಡುಗಿಯನ್ನು ಕೆಲಸಕ್ಕೆ ಇಟ್ಟುಕೊಂಡಾಗ, ಆ ಹಿರಿಯ ಮಗನು ಬಂದು ಪಟ್ಟಿಯನ್ನು ಕೇಳಿದ. ಮೊದಲು ಚೀಟಿಯನ್ನು ಓದಿ ನೋಡಿ, ಆಮೇಲೆ ಒಯ್ದ.