ಹುಲ್ಲು ಹೊದ್ದ ಮರಳುದಿಬ್ಬಗಳ ದಾರಿ

● ಮಗಳು ಅಮೆರಿಕದ ಒಮಾಹಾದಲ್ಲಿದ್ದಾಳೆ. ಜೂನ್‌ನಲ್ಲಿ ಅಲ್ಲಿಂದ ಡೆನ್ವರ್‌ಗೆ ಕಾರಿನಲ್ಲಿ ಹೊರಟಿದ್ದೇವೆ. ಐ–80 ಹೆದ್ದಾರಿ ಹಿಡಿದರೆ ಒಂದೇ ದಿನ ಸಾಕು, ದಾರಿಯಲ್ಲಿ ನೋಡುವಂಥದ್ದೇನೂ ಇಲ್ಲ ಎನ್ನುತ್ತಾರೆ ಅಳಿಯ. ನಮಗೆ ಹಳ್ಳಿಗಾಡು ನೋಡುವಾಸೆ.
— ಓದುಗರು, ಶಿರಸಿ

ನಿಮ್ಮ ಆಸೆಯನ್ನು ಬಿಡಬೇಡಿ. ಗ್ರ್ಯಾಂಡ್ ಐಲ್ಯಾಂಡ್‌ವರೆಗೆ ಐ–80ರಲ್ಲೇ ಹೋಗಿ, ಅಲ್ಲಿಂದ ನೆಬ್ರಾಸ್ಕಾ ಹೆದ್ದಾರಿ 2 ಹಿಡಿಯಿರಿ. ಅಲಯನ್ಸ್ ಊರಿನವರೆಗೆ 272 ಮೈಲಿ, ಅಂದರೆ ಸುಮಾರು 440 ಕಿಲೋಮೀಟರ್. ಇದಕ್ಕೆ ಎರಡು ದಿನ ಇಟ್ಟುಕೊಳ್ಳಿ.

ಬ್ರೋಕನ್ ಬೋ ದಾಟಿದ ಮೇಲೆ ಮೆಕ್ಕೆಜೋಳದ ಹೊಲಗಳು ಮುಗಿದು ಸ್ಯಾಂಡ್‌ಹಿಲ್ಸ್ ಶುರುವಾಗುತ್ತದೆ. ಕರ್ನಾಟಕದ ಕಾಲು ಭಾಗದಷ್ಟು ವಿಸ್ತಾರದ ಮರಳುದಿಬ್ಬಗಳು, ಎಲ್ಲವೂ ಹುಲ್ಲು ಹೊದ್ದಿವೆ. ಆ ಹುಲ್ಲಿನ ಬೇರೇ ಮರಳನ್ನು ಹಿಡಿದಿಟ್ಟಿರುವುದು. 1904ರ ಕಿಂಕೇಡ್ ಕಾಯ್ದೆಯಡಿ ಕುಟುಂಬಕ್ಕೆ 640 ಎಕರೆಯಂತೆ ಪಡೆದು ಬಂದವರಲ್ಲಿ ನೇಗಿಲು ಹೂಡಿದವರ ನೆಲವೆಲ್ಲ ಗಾಳಿಗೆ ಹಾರಿತು. ಈಗ ಇದು ದನಗಾಹಿಗಳ ನಾಡು. ದಿಬ್ಬಗಳ ನಡುವೆ ಕಾಣುವ ಕೆರೆಗಳಲ್ಲಿ ಹೆಚ್ಚಿನವು ಅಂತರ್ಜಲವೇ ಮೇಲೆ ಬಂದು ಆದವು. ಗಾಳಿಯಂತ್ರ ತಿರುಗುತ್ತ ತೊಟ್ಟಿಗೆ ನೀರೆತ್ತುತ್ತದೆ, ತೊಟ್ಟಿಯ ಸುತ್ತ ಕಪ್ಪು ದನಗಳು. ರಸ್ತೆಯ ಪಕ್ಕದಲ್ಲೇ ವಯೋಮಿಂಗ್‌ನ ಕಲ್ಲಿದ್ದಲು ಹೊತ್ತ, ಮೈಲಿಗೂ ಉದ್ದದ ಗೂಡ್ಸ್ ರೈಲುಗಳು. ನೋಡುವಂಥದ್ದು ಇಲ್ಲ ಎನ್ನುವವರು ಈ ದಾರಿಯಲ್ಲಿ ಒಮ್ಮೆ ಕಾರು ನಿಲ್ಲಿಸಿ ಇಳಿದು ನೋಡಲಿ!

ಹ್ಯಾಲ್ಸಿಯಲ್ಲಿ ತಪ್ಪದೆ ಇಳಿಯಿರಿ. ಮರವೇ ಇಲ್ಲದ ಈ ನಾಡಿನಲ್ಲಿ 1902ರಿಂದ ಜನ ಕೈಯಾರೆ ಸಸಿ ನೆಟ್ಟು ಬೆಳೆಸಿದ ಕಾಡು ಅಲ್ಲಿದೆ. ಸಸ್ಯವಿಜ್ಞಾನಿ ಚಾರ್ಲ್ಸ್ ಬೆಸ್ಸಿಯವರ ಹಟದ ಫಲ ಅದು. ದಾರಿಬದಿಯ ತಂತಿಬೇಲಿಯ ಆಚೆಗಿನದು ಖಾಸಗಿ ಜಮೀನು, ಒಳಗೆ ಕಾಲಿಡಬೇಡಿ. ಮಲ್ಲೆನ್ ಊರು ಸೇರುವಷ್ಟರಲ್ಲಿ ಕಾಲವಲಯ ಬದಲಾಗುತ್ತದೆ, ಗಡಿಯಾರವನ್ನು ಒಂದು ಗಂಟೆ ಹಿಂದಿಡಬೇಕು.

● ಊರಲ್ಲಿ ಎಡಬದಿ ಓಡಿಸಿ ರೂಢಿ. ಅಮೆರಿಕದ ಹಳ್ಳಿಗಾಡಿನ ಖಾಲಿ ರಸ್ತೆಯಲ್ಲಿ ಬಲಬದಿ ಕಷ್ಟವೇ?
— ಓದುಗರು, ದಾವಣಗೆರೆ

ಅಪಾಯವಿರುವುದು ಖಾಲಿ ರಸ್ತೆಯಲ್ಲೇ. ನಗರದಲ್ಲಿ ಮುಂದಿನ ಕಾರನ್ನು ಹಿಂಬಾಲಿಸಿದರಾಯಿತು. ಇಲ್ಲಿ ಪೆಟ್ರೋಲ್ ಹಾಕಿಸಿ ರಸ್ತೆಗಿಳಿಯುವಾಗ ಎದುರಿಗೆ ಯಾರೂ ಇರುವುದಿಲ್ಲ, ಕೈ ತಾನಾಗಿ ಎಡಕ್ಕೆ ತಿರುಗಿಬಿಡುತ್ತದೆ. ರಸ್ತೆಯ ನಡುವಿನ ಹಳದಿ ಗೆರೆ ಸದಾ ಚಾಲಕರ ಪಕ್ಕದಲ್ಲಿರಬೇಕು. ಪಕ್ಕದಲ್ಲಿ ಕೂತವರಿಗೆ ಇದನ್ನು ಹೇಳಿಡಿ, ಪ್ರತಿ ಸಲ ಹೊರಡುವಾಗ ಅವರು ಬಾಯಿಬಿಟ್ಟು ನೆನಪಿಸಲಿ. ಕತ್ತಲಾಗುವ ಮೊದಲೇ ಊರು ಸೇರಿಕೊಳ್ಳಿ. ಸಂಜೆ ಜಿಂಕೆಗಳು ರಸ್ತೆಗೆ ಹಾರುತ್ತವೆ. ಎದುರು ಬಂದವರು ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತಿದರೆ ಅದು ನಮಸ್ಕಾರ, ನೀವೂ ಎತ್ತಿ.

● ನಾವು ಸಸ್ಯಾಹಾರಿಗಳು. ಸ್ಯಾಂಡ್‌ಹಿಲ್ಸ್ ದಾರಿಯಲ್ಲಿ ಊಟದ ಗತಿ?
— ಓದುಗರು, ಉಡುಪಿ

ಗೋಮಾಂಸವೇ ಪ್ರಧಾನವಾದ ಸೀಮೆ. ಕೆಫೆಗಳಲ್ಲಿ ಗ್ರಿಲ್ಡ್ ಚೀಸ್, ಬೇಯಿಸಿದ ಆಲೂಗಡ್ಡೆ, ಹಣ್ಣಿನ ಪೈ ಕೇಳಿ. ಸೂಪ್‌ನಲ್ಲಿ ಮಾಂಸದ ಸಾರು ಇರಬಹುದು, ವಿಚಾರಿಸಿ. ಅವಲಕ್ಕಿ, ಚಟ್ನಿಪುಡಿ, ನೀರು ಕಾರಿನಲ್ಲಿರಲಿ. ಹೆದ್ದಾರಿ 2ರಲ್ಲಿ ಹಯಾನಿಸ್ ಊರಿನಿಂದ ಅಲಯನ್ಸ್‌ವರೆಗಿನ ಸುಮಾರು 60 ಮೈಲಿಯಲ್ಲಿ ಅಂಗಡಿಯನ್ನು ನೆಚ್ಚಿಕೊಳ್ಳಬೇಡಿ, ಮೊಬೈಲ್ ಸಿಗ್ನಲ್ಲನ್ನೂ ಅಷ್ಟೆ. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ.